ಹೂವಿನ ಪರಾಗವೂ ಪೂರ್ವಕಾಲದ ಮಳೆಯೂ

ಕೃಷ್ಣರಾಜಪುರ, ಹೂಡಿ, ವರ್ತೂರು ಮುಂತಾದ ಬೆಂಗಳೂರಿನ ಪೂರ್ವಭಾಗದ ಗ್ರಾಮಗಳಲ್ಲಿ, ಬೇಸಿಗೆಯಲ್ಲಿ ಕೆರೆಯು ಬತ್ತಿದೊಡನೆ ಗೋಡುಮಣ್ಣನ್ನು ಗಾಡಿಗಳಲ್ಲಿ ತುಂಬಿ ಹೊಲಗಳಿಗೆ ಸಾಗಿಸುವ ಪದ್ಧತಿಯು ಬಹುಕಾಲ ನಡೆದುಬಂದಿತ್ತು. ಆ ಮಣ್ಣಿನ ಸಾರವನ್ನು ರೈತರು ಚೆನ್ನಾಗಿ ಬಲ್ಲರು. ಆದರೆ ಅದರಲ್ಲಿ ಕಣ್ಣಿಗೆ ಕಾಣದ ಮತ್ತೊಂದು ವಸ್ತುವೂ ಅಡಗಿರುತ್ತದೆ. ಸುತ್ತಲಿನ ಗಿಡಮರಗಳ ಹೂವುಗಳಿಂದ ಹಾರಿಬಂದು ನೀರಿನಲ್ಲಿ ಮುಳುಗಿದ ಪರಾಗವೇ ಅದು.

ಪರಾಗದ ಒಂದು ಕಣವು ಸಾಧಾರಣವಾಗಿ ಅಂಗುಲದ ಸಾವಿರದಲ್ಲೊಂದು ಭಾಗದಷ್ಟಿರುತ್ತದೆ. ಅದರ ಹೊರಗಿನ ಕವಚವು ಬಹಳ ಗಟ್ಟಿ. ಮಣ್ಣನ್ನು ಕ್ಷಾರದಲ್ಲಿಯೂ ತೀಕ್ಷ್ಣವಾದ ಆಮ್ಲಗಳಲ್ಲಿಯೂ ಕುದಿಸಿದರೆ ಉಳಿದುದೆಲ್ಲವೂ ಕರಗಿ ಹೋಗಿ ಪರಾಗವು ಮಾತ್ರ ನಿಲ್ಲುತ್ತದೆ. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸುತ್ತಾರೆ. ಹುಲ್ಲಿನ ಕಣವು ಗುಂಡಗಿದ್ದು ಒಂದೇ ರಂಧ್ರವುಳ್ಳದ್ದು. ನೀಲಗಿರಿ ಮರದ ಕಣವು ಮುಮ್ಮೂಲೆಯಾದುದು. ಕೆಳಗಿನ ಪದರದಿಂದ ಮೇಲಿನ ಪದರದವರೆಗೆ ಹೀಗೆ ಎಣಿಸುತ್ತ ಬಂದರೆ ಯಾವ ಕಾಲದಲ್ಲಿ ಯಾವ ಸಸ್ಯವು ಹೆಚ್ಚಿತ್ತೆಂಬುದು ತಿಳಿಯುತ್ತದೆ. ಸ್ವೀಡನ್ ದೇಶದ ಲೆನ್ನಾರ್ಟ್ ಫಾನ್ ಪೋಸ್ಟ್ ಎಂಬವರು 1916ರಲ್ಲಿ ಈ ಕ್ರಮವನ್ನು ವಿದ್ವಾಂಸರ ಮುಂದಿಟ್ಟರು.

ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬಕೂಡದು. ಹುಲ್ಲು, ಸರ್ವೆ ಮೊದಲಾದವು ಗಾಳಿಗೆ ಪರಾಗವನ್ನು ಧಾರಾಳವಾಗಿ ಚೆಲ್ಲುತ್ತವೆ. ಹೊಂಗೆ, ಹುಣಸೆಗಳು ಜೇನುಹುಳುಗಳನ್ನು ನಂಬಿದವಾದ್ದರಿಂದ ಅವುಗಳ ಪರಾಗವು ಕೆರೆಗೆ ಸೇರುವುದು ಕಡಿಮೆ. ಏರಿಯ ಮೇಲೆ ಹೊಂಗೆಯ ಸಾಲೇ ಇದ್ದರೂ ಕೆಸರಿನಲ್ಲಿ ಅದರ ಗುರುತು ಅಲ್ಪವಾಗಿರಬಹುದು. ಇದಲ್ಲದೆ, ಗಾಳಿಯಾಡುವ ಮಣ್ಣಿನಲ್ಲಿ ಪರಾಗವು ಕೊಳೆತುಹೋಗುತ್ತದೆ. ನೆನೆಯುತ್ತ ಒಣಗುತ್ತ ಇರುವ ಈ ಸೀಮೆಯ ಕೆಂಪುಮಣ್ಣಿನಲ್ಲಿ ಅದನ್ನು ಹುಡುಕಿ ಫಲವಿಲ್ಲ.

ಕೆರೆಗಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಹಲಸೂರು ಕೆರೆಯಾಗಲಿ ವರ್ತೂರು ಕೆರೆಯಾಗಲಿ ಮನುಷ್ಯರು ಕಟ್ಟಿದುವು. ಅಗರದ ಶಾಸನದಲ್ಲಿ ಒಂಬತ್ತನೆಯ ಶತಮಾನದಲ್ಲಿಯೇ ಕೆರೆ ತೂಬುಗಳ ಪ್ರಸ್ತಾಪವಿದೆ. ಹಾಗಾದರೂ ಸಾವಿರ ವರ್ಷಗಳಿಗಿಂತ ಸ್ವಲ್ಪ ಹೆಚ್ಚಿನ ಲೆಕ್ಕವಷ್ಟೆ ಇಲ್ಲಿ ದೊರೆಯಬಹುದು. ಹಿಮಯುಗವು ಅತ್ಯಂತ ಉಗ್ರವಾಗಿದ್ದುದು ಸುಮಾರು 20,000 ವರ್ಷಗಳ ಹಿಂದೆ. ಆಗ ಸಮುದ್ರವು ಈಗಿನದಕ್ಕಿಂತ ಸುಮಾರು 400 ಅಡಿ ಕೆಳಗಿತ್ತು. ದಕ್ಷಿಣದೇಶದಲ್ಲಿ ಹಿಮದ ಹಾಸು ಇರಲಿಲ್ಲ. ಆದರೆ ಮಳೆಯ ಗತಿ ಬೇರೆಯಾಗಿತ್ತು.

ಅಷ್ಟು ಹಳೆಯ ಕೆಸರಿಗಾಗಿ ನೀಲಗಿರಿಯ ಎತ್ತರದ ಜೌಗುಗಳಿಗೂ ಸಮುದ್ರದ ತಳಕ್ಕೂ ಹೋಗಬೇಕಾಯಿತು. ನೀಲಗಿರಿಯ ಕಪ್ಪು ಜೌಗುಮಣ್ಣಿನ ಪರಾಗವನ್ನು ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯ ವಿದ್ವಾಂಸರು ಮೊದಲೇ ಪರೀಕ್ಷಿಸಿದ್ದರು. ಆದರೆ ರಾಗಿ, ಭತ್ತ, ಕಬ್ಬು, ಕಾಡುಹುಲ್ಲು ಇವೆಲ್ಲ ಒಂದೇ ಕುಲದವು. ಅವುಗಳ ಪರಾಗವನ್ನು ಬೇರ್ಪಡಿಸುವುದು ಬಹು ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಇನ್ನೊಂದು ದಾರಿಯನ್ನು ಹಿಡಿದು, ಅದರ ಫಲವನ್ನು 1993ರಲ್ಲಿ ಪ್ರಕಟಿಸಿದರು. ಇಂಗಾಲದಲ್ಲಿ ಹಗುರವಾದುದು, ತುಸು ಭಾರವಾದುದು ಎಂಬ ಬಗೆಗಳುಂಟು. ರಾಗಿ, ಜೋಳ, ಕಬ್ಬು ಮತ್ತು ಒಣಸೀಮೆಯ ಅನೇಕ ಹುಲ್ಲುಗಳಲ್ಲಿ ಭಾರದ ಇಂಗಾಲವು ಹೆಚ್ಚು. ಮರಗಳಲ್ಲಿಯೂ ಭತ್ತದಲ್ಲಿಯೂ ಕಡಿಮೆ. ಜೌಗುಮಣ್ಣಿನ ಇಂಗಾಲವನ್ನು ಅಳೆದಾಗ, ಹಿಮಯುಗದಲ್ಲಿ ಆ ಬೆಟ್ಟಗಳ ಮೇಲೆ ಒಣಹುಲ್ಲುಗಳೇ ಪ್ರಬಲವಾಗಿದ್ದುವೆಂದು ಕಂಡುಬಂತು. ಅನಂತರ ಮಳೆ ಹೆಚ್ಚಿತು. ಸುಮಾರು 5,000 ವರ್ಷಗಳ ಹಿಂದೆ ಪುನಃ ಒಣಕಾಲವು ಬಂತು. ಹಿಮಯುಗದ ಗಾಳಿಯಲ್ಲಿ ಇಂಗಾಲಾಮ್ಲ ವಾಯುವು ಕಡಿಮೆಯಿದ್ದುದೂ ಆ ಹುಲ್ಲುಗಳಿಗೆ ಅನುಕೂಲವಾಗಿತ್ತೆಂಬುದನ್ನು ಮರೆಯಬಾರದು.

ಸಮುದ್ರದ ಸಾಕ್ಷಿಯೂ ಇದಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ನೈಋತ್ಯ ಕರಾವಳಿಯಾಚೆ ತಳದಿಂದ ತೆಗೆದ ಎರಡು ಕೆಸರುಕಂಬಗಳ ಪರಾಗವನ್ನು ಪರೀಕ್ಷಿಸಿ ಫಾನ್ ಕಾಂಪೊ ಎಂಬ ವಿದುಷಿಯು 1986ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹಿಮಯುಗದಲ್ಲಿ ಮುಂಗಾರು ದುರ್ಬಲವಾಗಿದ್ದು ಸುಮಾರು 11,000 ವರ್ಷಗಳ ಹಿಂದೆ ಪ್ರಬಲವಾಯಿತು. ಕಾರವಾರದ ಬಳಿಯ ಕೆಸರನ್ನು ಕುರಿತು ಕಾರಾತಿನಿ ಮತ್ತು ಸಂಗಡಿಗರು 1994ರಲ್ಲಿ ಬರೆದುದು ನಮ್ಮ ನಾಡಿಗೆ ಇನ್ನೂ ಹತ್ತಿರದ್ದು. ಅಲ್ಲಿ ಸುಮಾರು 3,500 ವರ್ಷಗಳ ಈಚೆಗೆ ಘಟ್ಟದ ಕಾಡಿನ ಪರಾಗವೂ ಅಳಿವೆಯ ಕಾಂಡ್ಲಾ ಮರಗಳ ಪರಾಗವೂ ಇಳಿದು ಹುಲ್ಲು ಹೆಚ್ಚಿತು. ಕೊಡಲಿಯಿಂದಲೂ ಕಾಡು ಹುಲ್ಲಾಗಬಹುದಲ್ಲವೆ ಎಂಬ ಆಕ್ಷೇಪಣೆಯು ನ್ಯಾಯವಾದುದೇ. ಆದರೆ ಘಟ್ಟದ ಕಾಡೂ ಸಮುದ್ರತೀರದ ಕಾಡೂ ಏಕಕಾಲದಲ್ಲಿ ಕ್ಷೀಣಿಸಿದುದರಿಂದ ಮಳೆ ತಗ್ಗಿದುದೇ ಮುಖ್ಯ ಕಾರಣವೆಂದು ಆ ವಿದ್ವಾಂಸರು ನಿರ್ಣಯಿಸಿದರು.

ಬೆಂಗಳೂರಿನ ಮಳೆಯ ಅಳತೆಯ ದಾಖಲೆಗಳಿಗೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಕೋಡಿಯ ಎತ್ತರವನ್ನೂ ಬಾವಿಯ ಆಳವನ್ನೂ ನಿಶ್ಚಯಿಸುವವರು ಈ ದಾಖಲೆಗಳನ್ನೂ ಅಜ್ಜಂದಿರ ನೆನಪನ್ನೂ ಮಾತ್ರ ಆಧಾರವಾಗಿಟ್ಟುಕೊಂಡರೆ, ಮಳೆಯು ಕಂಡಿರುವ ಏರಿಳಿತಗಳಲ್ಲಿ ಬಹುಭಾಗವು ಲೆಕ್ಕಕ್ಕೆ ಬಾರದೆ ಹೋಗುತ್ತದೆ.

ಕೆರೆಯ ಹೂಳೆತ್ತುವಾಗಲಾಗಲಿ ಬಾವಿ ತೋಡುವಾಗಲಾಗಲಿ ಎಲೆ, ಮರದ ಚೂರು, ಚಿಪ್ಪುಗಳುಳ್ಳ ಕಪ್ಪು ಜೇಡಿಯ ಪದರವು ಕಂಡುಬಂದರೆ ಗ್ರಾಮದ ಮುಖಂಡರು ಅದನ್ನು ಮೇಲಿನ ಮಣ್ಣಿನೊಡನೆ ಬೆರೆಯಗೊಡಬಾರದು. ಒಂದು ಹೆಂಟೆಯನ್ನು ಒಡೆಯದೆ ತೆಗೆದು, ಒಣಗದಂತೆ ಶುದ್ಧವಾದ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಸ್ಥಳವನ್ನೂ ನೆಲಮಟ್ಟದಿಂದ ಎಷ್ಟು ಅಡಿ ಆಳದಲ್ಲಿ ಸಿಕ್ಕಿತೆಂಬುದನ್ನೂ ಬರೆದಿಟ್ಟು, ಕೃಷಿ ಇಲಾಖೆಯ ಅಧಿಕಾರಿಗೆ ಒಪ್ಪಿಸತಕ್ಕದ್ದು. ಈಗಿನ ಪರಾಗವು ಅಂಟಿದರೆ ಪರೀಕ್ಷೆ ಕೆಡುವುದರಿಂದ, ಹೂಬಿಟ್ಟ ಜೋಳದ ಹೊಲದ ಬಳಿ ಅದನ್ನು ತೆರೆದಿಡಕೂಡದು.