ಹಳೆಯ ಆಟಗಳ ಧ್ವನಿಸುರುಳಿಗಳು: ನಂಬಿಕೆ ಮತ್ತು ವಾಸ್ತವ

ಮಲ್ಪೆ, ಕೊಡವೂರು, ಕಾಪು, ಕಾರ್ಕಳಗಳ ಹಳೆಯ ಮನೆಗಳಲ್ಲಿ, ಕಪಾಟಿನ ಮೇಲಂತಸ್ತಿನಲ್ಲೋ ಮರದ ಪೆಟ್ಟಿಗೆಯ ತಳದಲ್ಲೋ ಇಂದಿಗೂ ಉಳಿದುಕೊಂಡಿರುವ ಯಕ್ಷಗಾನದ ಧ್ವನಿಸುರುಳಿಗಳನ್ನು ಬೂಷ್ಟು ಹಿಡಿದ ಕಸವೆಂದು ತಿಳಿದು ಹೊರಗೆ ಹಾಕುವವರು ಎಷ್ಟು ಮಂದಿಯೋ, ಅವುಗಳ ಮೇಲೆ ಬಾಲ್‌ಪೆನ್ನಿನಿಂದ ಬರೆದಿಟ್ಟ ನಾಲ್ಕು ಅಕ್ಷರಗಳನ್ನು ವೇದವಾಕ್ಯವೆಂದು ನಂಬುವವರೂ ಅಷ್ಟೇ ಮಂದಿ. ಎರಡೂ ನಿಲುವುಗಳಿಂದ ಹಾನಿಯೇ ಆಗಿದೆ. ಡೇರೆ ಮೇಳಗಳ ಆಟಗಳನ್ನೂ, ಗದ್ದೆಯಲ್ಲಿ ನಡೆದ ಹರಕೆಯ ಬಯಲಾಟಗಳನ್ನೂ, ಮಳೆಗಾಲದ ತಾಳಮದ್ದಳೆ ಕೂಟಗಳನ್ನೂ ರಂಗಸ್ಥಳದ ಮುಂದೆ ಚಾಪೆಯ ಮೇಲೆ ಕುಳಿತು ಸಣ್ಣದೊಂದು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಅಭಿಮಾನಿಗಳ ಶ್ರಮವಲ್ಲದೆ, ಆ ಕಾಲದ ಎಷ್ಟೋ ರಾತ್ರಿಗಳ ಹಾಡುಗಾರಿಕೆಗೂ ಮಾತುಗಾರಿಕೆಗೂ ಬೇರೆ ಸಾಕ್ಷ್ಯವಿಲ್ಲ. ಆದುದರಿಂದ ಆ ಸುರುಳಿಗಳ ಬಗೆಗೆ ರೂಢಿಯಲ್ಲಿರುವ ಕೆಲವು ಕಲ್ಪನೆಗಳನ್ನು ನಿಧಾನವಾಗಿ ಪರಿಶೀಲಿಸುವುದು ಅಗತ್ಯವೆಂದು ನನಗೆ ತೋರುತ್ತದೆ.

ಇವೆಲ್ಲವೂ ಕಳ್ಳತನದ ಮುದ್ರಣಗಳೆಂಬ ಮಾತು ಆಗಾಗ ಕೇಳಿಬರುತ್ತದೆ. ಪಾಶ್ಚಾತ್ಯ ದೇಶಗಳ ರಾಕ್ ಕಛೇರಿಗಳಲ್ಲಿ ಅಂಗಿಯೊಳಗೆ ಯಂತ್ರವನ್ನು ಬಚ್ಚಿಟ್ಟುಕೊಂಡು ಮುದ್ರಿಸಿದವರಿಗೆ ಆ ಮಾತು ಸಲ್ಲಬಹುದು. ನಮ್ಮಲ್ಲಿ ಯಂತ್ರ ಎಲ್ಲರ ಕಣ್ಣೆದುರಿಗೇ ಇರುತ್ತಿತ್ತು, ಪರಿಚಯವಿದ್ದರೆ ಮೈಕ್ ಸೆಟ್ಟಿನವನೇ ತನ್ನ ಆಂಪ್ಲಿಫಯರಿನಿಂದ ಒಂದು ವಯರನ್ನು ಎಳೆದುಕೊಡುತ್ತಿದ್ದನು. ಹಾಗೆಂದು ಸುರುಳಿ ನನ್ನದಾದ ಮಾತ್ರಕ್ಕೆ ಅದರೊಳಗಿನ ಧ್ವನಿಯೂ ನನ್ನದೆಂದು ಮಾರಾಟಕ್ಕಿಳಿಯುವಂತಿಲ್ಲ. 1994ರಲ್ಲಿ ಕೃತಿಸ್ವಾಮ್ಯದ ಕಾಯಿದೆಗೆ ಆದ ತಿದ್ದುಪಡಿ ಕಲಾವಿದನಿಗೆ ತನ್ನ ಪ್ರದರ್ಶನದ ಮೇಲೆ ಹಕ್ಕನ್ನು ಕೊಟ್ಟಿದೆ.

ಲೇಬಲಿನಲ್ಲಿರುವುದೆಲ್ಲ ಸತ್ಯವೆಂಬ ನಂಬಿಕೆ ಇದಕ್ಕಿಂತ ಪ್ರಬಲವಾದುದು. ಒಮ್ಮೆ ಅಂಟಿದ ತಪ್ಪು ಹೆಸರು ಎಷ್ಟು ಗಟ್ಟಿಯಾಗಿ ಕುಳಿತುಬಿಡುವುದೆಂಬುದಕ್ಕೆ ಅಮೆರಿಕದ ಗಾಯಕ ಬಾಬ್ ಡೈಲನ್ನನ ಒಂದು ಕಛೇರಿಯೇ ಸಾಕ್ಷಿ. 1966ರ ಮೇ 17ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ನಡೆದ ಆ ಕಛೇರಿಯ ಮುದ್ರಣ, ಲಂಡನಿನ ರಾಯಲ್ ಆಲ್ಬರ್ಟ್ ಹಾಲಿನದೆಂಬ ಹೆಸರಿನಿಂದ ಕೈಯಿಂದ ಕೈಗೆ ದಾಟಿ ಪ್ರಸಿದ್ಧಿ ಪಡೆಯಿತು; 1998ರಲ್ಲಿ ಅವನ ಧ್ವನಿಮುದ್ರಣ ಕಂಪೆನಿಯೇ ಅದನ್ನು ಅಧಿಕೃತವಾಗಿ ಪ್ರಕಟಿಸಿದಾಗ, ಸ್ಥಳ ಯಾವುದೆಂದು ಚೆನ್ನಾಗಿ ಗೊತ್ತಿದ್ದೂ, ಜನ ಗುರುತಿಸುವುದು ಆ ಹೆಸರಿನಿಂದಲೇ ಎಂಬ ಕಾರಣಕ್ಕೆ, ತಪ್ಪು ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಇರಿಸಿಕೊಳ್ಳಬೇಕಾಯಿತು. ಅಷ್ಟೊಂದು ಜನ, ಅಷ್ಟೊಂದು ಪತ್ರಿಕೆಗಳು ಬೆನ್ನುಹತ್ತಿದ ಗಾಯಕನ ಸ್ಥಿತಿಯೇ ಹೀಗಾದರೆ, ಮಂದಾರ್ತಿಯ ಬಯಲಿನಲ್ಲೋ ಕಾರ್ಕಳದ ಗದ್ದೆಯಲ್ಲೋ ನಡೆದ ಒಂದು ರಾತ್ರಿಯ ಆಟದ ವಿಚಾರದಲ್ಲಿ ಎಷ್ಟು ಎಚ್ಚರ ಬೇಕು!

ಮಲ್ಪೆಯ ಉದಾಹರಣೆಯನ್ನೇ ನೋಡಬಹುದು. ತಾಳಮದ್ದಳೆಯ ಸುರುಳಿಯ ಮೇಲೆ 'ಸಾಮಗರ ಅರ್ಥ' ಎಂದಷ್ಟೇ ಬರೆದಿದ್ದರೆ ಕೇಳುವವನು ತನಗೆ ಪ್ರಿಯರಾದ ಸಾಮಗರನ್ನು ಅಲ್ಲಿ ಕೇಳಿಬಿಡುತ್ತಾನೆ. ಆದರೆ ಮಲ್ಪೆಯ ಈ ಮನೆತನದಿಂದ ಶಂಕರನಾರಾಯಣ ಸಾಮಗರು, ರಾಮದಾಸ ಸಾಮಗರು, ಅವರ ಮುಂದಿನ ತಲೆಮಾರಿನಲ್ಲಿ ಎಂ. ಎಲ್. ಸಾಮಗರು, ವಾಸುದೇವ ಸಾಮಗರು ಹೀಗೆ ಒಬ್ಬರಲ್ಲ, ನಾಲ್ವರು ಅರ್ಥಧಾರಿಗಳು ಪ್ರಖ್ಯಾತರಾದರು. ಕೂಟದಲ್ಲಿ ವೇಷವಿಲ್ಲ, ಎದುರು ಕುಳಿತವರು ಪರಸ್ಪರರನ್ನು ಕೃಷ್ಣನೆಂದೋ ಭೀಷ್ಮನೆಂದೋ ಸಂಬೋಧಿಸುತ್ತಾರೆಯೇ ಹೊರತು ಸ್ವಂತ ಹೆಸರಿನಿಂದ ಕರೆಯುವುದಿಲ್ಲ. ಕಲಾವಿದರ ಹೆಸರುಗಳು ಸ್ಪಷ್ಟವಾಗಿ ಬರುವುದು ಸಂಘಟಕರ ಸ್ವಾಗತ ಭಾಷಣದಲ್ಲಿ ಮತ್ತು ಧನ್ಯವಾದ ಸಮರ್ಪಣೆಯಲ್ಲಿ. ತೊಂಬತ್ತು ನಿಮಿಷದ ಸುರುಳಿಯಲ್ಲಿ ಒಂದು ಮಗ್ಗುಲಿಗೆ ಹಿಡಿಸುವುದು ನಲವತ್ತೈದೇ ನಿಮಿಷ. ಒಂಬತ್ತು ಗಂಟೆಯ ರಾತ್ರಿಗೆ ಆರು ಸುರುಳಿಗಳಾದರೂ ಬೇಕಾಗಿದ್ದುದರಿಂದ, ಉಳಿತಾಯದ ದೃಷ್ಟಿಯಿಂದ ನಮ್ಮ ಅಭಿಮಾನಿಗಳು ಮೊದಲು ಕೈಬಿಟ್ಟದ್ದು ಆ ಭಾಷಣಗಳನ್ನೇ. ರಸಿಕನಿಗೆ ಬೇಸರ ತರಿಸುವ ಆ ಹತ್ತು ನಿಮಿಷಗಳು, ದಾನಿಗಳ ಪಟ್ಟಿ, ಕಳೆದುಹೋದ ಕೀಲಿಕೈಯ ಪ್ರಕಟಣೆ, ನಾಳಿನ ಆಟ ಇಂತಹ ಊರಿನಲ್ಲಿ ಎಂಬ ಘೋಷಣೆ, ಇವೇ ಕಾಲದೇಶಗಳನ್ನು ನಿರ್ಣಯಿಸುವವನಿಗೆ ಅತ್ಯಂತ ಬೆಲೆಯುಳ್ಳ ಭಾಗಗಳು. ಎಲ್ಲಿಯಾದರೂ ಅಕಸ್ಮಾತ್ತಾಗಿ ಉಳಿದಿದ್ದರೆ ದಯವಿಟ್ಟು ಯಾರೂ ಅವನ್ನು ಕತ್ತರಿಸಬಾರದು.

ಪ್ರಕಟಣೆ ಇಲ್ಲದಾಗ ಬೇರೆ ಸಾಕ್ಷ್ಯಗಳನ್ನು ಹುಡುಕಬೇಕು. ತುಳುನಾಡಿನಲ್ಲಿ ಮೇಳಗಳ ತಿರುಗಾಟ ಮಳೆಗಾಲ ಕಳೆದ ಮೇಲೆ ಆರಂಭವಾಗಿ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದ ಸುಮಾರಿಗೆ, ಮುಗಿಯುವುದು ಸಂಪ್ರದಾಯವಾದುದರಿಂದ, ಜುಲೈ ತಿಂಗಳ ದಿನಾಂಕ ಹೊತ್ತ 'ಮೇಳದ ಆಟ' ಸಂಶಯಕ್ಕೆ ಆಸ್ಪದ ಕೊಡುತ್ತದೆ. ಅದು ಪ್ರತಿ ಮಾಡಿದ ದಿನವಿರಬಹುದು ಅಥವಾ ಮಳೆಗಾಲದಲ್ಲಿ ಹೊರಗೆಲ್ಲೋ ನಡೆದ ವಿಶೇಷ ಪ್ರದರ್ಶನವಿರಬಹುದು. 1970ರಿಂದ ಮಣಿಪಾಲದಿಂದ ಹೊರಡುತ್ತಿರುವ ಉದಯವಾಣಿಯ ಹಳೆಯ ಸಂಚಿಕೆಗಳಲ್ಲಿ ಯಾವ ಮೇಳ ಯಾವ ದಿನ ಎಲ್ಲಿತ್ತೆಂಬುದನ್ನು ಹುಡುಕಿ ತಾಳೆ ನೋಡಬಹುದು. ಹಿಮ್ಮೇಳವೂ ಸುಮ್ಮನಿರುವುದಿಲ್ಲ: ಜಾಗಟೆಯ ಪೆಟ್ಟೂ ತೆಂಕುತಿಟ್ಟಿನ ಚೆಂಡೆಯ ಗಡಸು ನಾದವೂ ಕೇಳುತ್ತಿದ್ದರೆ ಅದನ್ನು ಬಡಗುತಿಟ್ಟಿನ ಮೇಳದ ಹೆಸರಿಗೆ ಹಾಕಲಾಗದು. ಹಿನ್ನೆಲೆಯಲ್ಲಿ ಒಂದಿಷ್ಟೂ ಉಸಿರೆಳೆಯದೆ ಹರಿಯುವ ವಿದ್ಯುನ್ಮಾನ ಶ್ರುತಿಪೆಟ್ಟಿಗೆ ಕೇಳಿಸಿದರೆ, ಬೆಂಗಳೂರಿನಲ್ಲಿ ಆ ಉಪಕರಣ ಮಾರಾಟಕ್ಕೆ ಬಂದದ್ದೇ 1970ರ ದಶಕದ ಕೊನೆಗಾದುದರಿಂದ, '1972' ಎಂಬ ಲೇಬಲು ಅಲ್ಲಿಗೇ ಬಿದ್ದುಹೋಗುತ್ತದೆ.

ಗುಂಡ್ಮಿ ಕಾಳಿಂಗ ನಾವಡರ ಹೆಸರಿನಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. 1958ರಲ್ಲಿ ಹುಟ್ಟಿ, 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಆ ಮಹಾಭಾಗವತರ ಧಾಟಿಯನ್ನು ಮನಃಪೂರ್ವಕವಾಗಿ ಅನುಸರಿಸಿದ ಹಾಡುಗಾರರು ಬಡಗಿನಲ್ಲಿ ಅನೇಕರು. ಮಂದವಾದ ಪ್ರತಿಯೊಂದರಲ್ಲಿ ಏರುಪದವೊಂದನ್ನು ಕೇಳಿದೊಡನೆ 'ಇದು ನಾವಡರೇ' ಎನ್ನುವುದು ಪ್ರೀತಿಯ ಮಾತು. ಆದರೆ ಆ ಪ್ರಸಂಗ ಮೊದಲು ರಂಗಕ್ಕೆ ಬಂದದ್ದೇ 1990ರ ಅನಂತರವೆಂದಾದರೆ ಪ್ರೀತಿ ಸುಮ್ಮನಾಗಬೇಕು. ಹಾಗೆ ಒಪ್ಪಿಕೊಳ್ಳದೆ ಹೋದಾಗ ಅನ್ಯಾಯವಾಗುವುದು ನಾವಡರಿಗಲ್ಲ. ತನ್ನ ಹೆಸರನ್ನೇ ಕಳೆದುಕೊಂಡ ಇನ್ನೊಬ್ಬ ಭಾಗವತನಿಗೆ.

'ಹಿಂದಿನ ಭಾಗವತರ ಶ್ರುತಿಯೆಂದರೆ ಶ್ರುತಿ, ಬೆಳಗಿನ ಜಾವಕ್ಕೆ ಇನ್ನೂ ಏರುತ್ತಿತ್ತು' ಎಂಬ ಪ್ರಶಂಸೆಯನ್ನು ಸುರುಳಿಗಳ ಆಧಾರದ ಮೇಲೆ ಹೇಳುವವರಿದ್ದಾರೆ. ಹಿಂದಿನವರು ಮೈಕಿಲ್ಲದೆ ಹಾಡಿದವರು, ಏರುಶ್ರುತಿಯಲ್ಲಿ ಸಮರ್ಥರು, ಇದರಲ್ಲಿ ವಿವಾದವಿಲ್ಲ. ಆದರೆ ಸುರುಳಿಯ ಸಾಕ್ಷ್ಯವನ್ನು ಇಲ್ಲಿ ಹಾಗೆಯೇ ಸ್ವೀಕರಿಸುವಂತಿಲ್ಲ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಬೇಕು. ಗದ್ದೆಯಲ್ಲಿ ಯಂತ್ರ ನಡೆಯುತ್ತಿದ್ದುದು ಬ್ಯಾಟರಿ ಸೆಲ್ಲುಗಳಿಂದ. ರಾತ್ರಿ ಕಳೆದಂತೆ ಸೆಲ್ಲು ಸೋಲುತ್ತದೆ, ಮೋಟಾರು ನಿಧಾನವಾಗುತ್ತದೆ, ಟೇಪು ತೆವಳುತ್ತ ಮುದ್ರಿಸಿಕೊಳ್ಳುತ್ತದೆ. ಅದನ್ನು ಮರುದಿನ ಮನೆಯಲ್ಲಿ ಸರಿಯಾದ ವೇಗದಲ್ಲಿ ನುಡಿಸಿದಾಗ ಎಲ್ಲವೂ ಬೇಗವಾಗಿ, ಮೇಲಿನ ಸ್ವರದಲ್ಲಿ ಕೇಳಿಸುತ್ತದೆ. ವೇಗದಲ್ಲಿ ಶೇಕಡ 6ರಷ್ಟು ವ್ಯತ್ಯಾಸವಾದರೆ ಹಾರ್ಮೋನಿಯಮ್ಮಿನಲ್ಲಿ ಪೂರ್ತಿ ಒಂದು ಮನೆ ಮೇಲಾಯಿತು. ಕಪ್ಪು ಎರಡರಲ್ಲಿ ಹಾಡಿದವರು ಬಿಳಿ ಮೂರರಲ್ಲಿ ಹಾಡಿದಂತಾಯಿತು.

ಇದನ್ನು ಸರಿಪಡಿಸುವವರಲ್ಲಿಯೂ ಒಂದು ತಪ್ಪು ಕಲ್ಪನೆ ಬೇರೂರಿದೆ. ಮೈಕಿನ ಆಂಪ್ಲಿಫಯರಿನಿಂದ ಬರುವ ಗುಂಯ್ ಎಂಬ ವಿದ್ಯುತ್ತಿನ ನಾದ ಸೆಕೆಂಡಿಗೆ 50 ಕಂಪನಗಳದು, ಅದರ ಇಮ್ಮಡಿ 100. ಸುರುಳಿಯಲ್ಲಿ ಅದು 52ಕ್ಕೆ ಕಾಣಿಸಿಕೊಂಡರೆ, 50ಕ್ಕೆ ಇಳಿಯುವಂತೆ ವೇಗವನ್ನು ತಗ್ಗಿಸಿದರೆ ಸಾಕೆಂಬುದು ಅವರ ಸೂತ್ರ. ವಿದೇಶದ ಕಛೇರಿಗಳಿಗೆ ಒಪ್ಪುವ ಈ ಸೂತ್ರವನ್ನು ನಮ್ಮ ಕರಾವಳಿಗೆ ಕಣ್ಣುಮುಚ್ಚಿ ಅನ್ವಯಿಸಲಾಗದು. ಡೇರೆ ಮೇಳಗಳು ತಮ್ಮದೇ ಜನರೇಟರನ್ನು ಹೊತ್ತು ತಿರುಗುತ್ತಿದ್ದವು, ಅದರ ವೇಗ ಹೊರೆಗೆ ತಕ್ಕಂತೆ ಏರಿಳಿಯುತ್ತಿತ್ತು. ಊರಿನ ವಿದ್ಯುತ್ತಾದರೂ ಏನು? ದಕ್ಷಿಣ ಭಾರತದ ವಿದ್ಯುಜ್ಜಾಲದಲ್ಲಿ ಕೊರತೆಯ ದಿನಗಳಲ್ಲಿ ಕಂಪನ 48ರ ಆಸುಪಾಸಿಗೂ ಇಳಿಯುತ್ತಿದ್ದುದುಂಟು. 2003ರಲ್ಲಿ ಹೊಸ ದರಪದ್ಧತಿ ಜಾರಿಗೆ ಬಂದ ಮೇಲೆಯೇ ಅದು ಹದಕ್ಕೆ ಬಂದದ್ದು. 48ರಲ್ಲಿದ್ದ ನಾದವನ್ನು 50ಕ್ಕೆ ಎಳೆದರೆ ಭಾಗವತರ ಶ್ರುತಿ ಮುಕ್ಕಾಲು ಮನೆಯಷ್ಟು ಮೇಲಕ್ಕೆ ಹೋಗುತ್ತದೆ. ತಿದ್ದಲು ಹೋಗಿ ಕೆಡಿಸಿದಂತೆಯೇ ಸರಿ. ಆದ್ದರಿಂದ ಆ ನಾದದೊಂದಿಗೆ ಹಾರ್ಮೋನಿಯಮ್ಮಿನ ಶ್ರುತಿಯನ್ನೂ, ಅದೇ ಭಾಗವತರ ಬೇರೆ ಮುದ್ರಣಗಳನ್ನೂ, ಪದ್ಯ ಮುಗಿದ ಮೇಲೆ ಪಾತ್ರಧಾರಿ ಆಡುವ ಸಹಜವಾದ ಮಾತಿನ ಗತಿಯನ್ನೂ ಜೊತೆಗಿರಿಸಿ ನೋಡಿ, ಇವು ಒಂದಕ್ಕೊಂದು ಹೊಂದಿದಾಗ ಮಾತ್ರ ವೇಗವನ್ನು ನಿಶ್ಚಯಿಸಬೇಕು. ಈ ನಾದದಿಂದ ಇನ್ನೊಂದು ಉಪಕಾರವುಂಟು: ಒಂದೇ ಸುರುಳಿಯಲ್ಲಿ ಅಲ್ಪ ಅಂತರದ ಎರಡು ವಿದ್ಯುನ್ನಾದಗಳು ಕಂಡುಬಂದರೆ, ಅದು ಮೂಲವಲ್ಲ, ಇನ್ನೊಂದು ಯಂತ್ರದಿಂದ ಇಳಿಸಿಕೊಂಡ ಪ್ರತಿಯೆಂದು ಬಲವಾಗಿ ಊಹಿಸಬಹುದು, ಕೇಳಲು ಅದೆಷ್ಟೇ ಸ್ವಚ್ಛವಾಗಿದ್ದರೂ.

ಚೆಂಡೆಯವರು ಆ ರಾತ್ರಿ ಭಾಗವತರನ್ನು ಮುಳುಗಿಸಿಬಿಟ್ಟರು ಎಂಬ ಟೀಕೆಯೂ ಬಹುಮಟ್ಟಿಗೆ ಯಂತ್ರದ ದೋಷವನ್ನು ಮನುಷ್ಯನ ತಲೆಗೆ ಕಟ್ಟಿದ ಮಾತು. ಆ ಸಣ್ಣ ರೆಕಾರ್ಡರುಗಳಲ್ಲಿ ಧ್ವನಿಯ ಮಟ್ಟವನ್ನು ತಾನಾಗಿಯೇ ಹಿಡಿತದಲ್ಲಿಡುವ ವ್ಯವಸ್ಥೆಯಿತ್ತು: ಚೆಂಡೆಯ ಪೆಟ್ಟು ಬಿದ್ದೊಡನೆ ಯಂತ್ರ ತನ್ನ ಕಿವಿಯನ್ನು ಕುಗ್ಗಿಸಿಕೊಳ್ಳುತ್ತದೆ, ಅದರೊಡನೆ ಹಾಡಿನ ಧ್ವನಿಯೂ ಕುಗ್ಗುತ್ತದೆ; ಚೆಂಡೆ ನಿಂತೊಡನೆ ಕಿವಿ ಮೆಲ್ಲನೆ ಅಗಲವಾಗಿ, ಪಕ್ಕದಲ್ಲಿ ಕಡಲೆ ತಿನ್ನುವವನ ಪೊಟ್ಟಣದ ಸದ್ದೂ ದೊಡ್ಡದಾಗಿ ಕೇಳುತ್ತದೆ. ಮೈಕಿನ ವಯರಿನಿಂದ ತೆಗೆದ ಮುದ್ರಣದಲ್ಲಿ ಇದೇ ತಿರುವುಮುರುವಾಗುತ್ತದೆ. ಮೈಕು ಭಾಗವತರ ಮುಂದಿರುವುದರಿಂದ ಹಾಡು ಹತ್ತಿರ, ಚೆಂಡೆ ದೂರ. ವೇಷಧಾರಿ ತೂಗುಬಿಟ್ಟ ಮೈಕಿನಿಂದ ಸರಿದಾಗಲೆಲ್ಲ ಅವನ ಮಾತು ಕರಗುತ್ತದೆ. ಎರಡೂ ಸಭೆಯಲ್ಲಿ ಕುಳಿತವನು ಕೇಳಿದ ಧ್ವನಿಯಲ್ಲ. ಇಷ್ಟನ್ನು ತಿಳಿಯದೆ ಸುರುಳಿಯನ್ನು ಮಾತ್ರ ಕೇಳಿ ಚೆಂಡೆಯವರ ಯೋಗ್ಯತೆಯನ್ನು ಅಳೆಯುವುದು ನ್ಯಾಯವಲ್ಲ.

ಇನ್ನು ದುರಸ್ತಿಯ ಮಾತು. ವರ್ಷ ಕಳೆದಂತೆ ಟೇಪಿನಿಂದ ಧ್ವನಿ ತಾನಾಗಿ ಆರಿಹೋಗುತ್ತದೆಂದು ಜನ ತಿಳಿದಿದ್ದಾರೆ. ಕಾಂತದ ಮುದ್ರೆ ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಮಂದವಾಗಿ ಕೇಳುವ ಸುರುಳಿಯನ್ನು ತಿರುಗಿಸಿ ನೋಡಿದರೆ, ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಕಡಲೆಬೇಳೆಯಷ್ಟು ಚಿಕ್ಕ ಉಣ್ಣೆಯ ತುಂಡು ಅಂಟು ಬಿಟ್ಟು ಉದುರಿರುವುದೇ ಅನೇಕ ವೇಳೆ ಕಾರಣ. ಐದು ಸ್ಕ್ರೂಗಳ ಹೊಸ ಕವಚವೊಂದಕ್ಕೆ ಟೇಪನ್ನು ವರ್ಗಾಯಿಸಿದರೆ ಧ್ವನಿ ಮರಳುತ್ತದೆ. ಇನ್ನೊಂದು ಕಾರಣ ಹೆಡ್ಡಿನ ಓರೆ: ಮುದ್ರಿಸಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ಬಾಗಿದ್ದರೆ, ನುಡಿಸುವ ಯಂತ್ರದ ಹೆಡ್ಡನ್ನೂ ಸಣ್ಣ ಸ್ಕ್ರೂಡ್ರೈವರಿನಿಂದ ಅಷ್ಟೇ ಬಾಗಿಸಬೇಕು, ಗೆಜ್ಜೆಯ ನಾದ ತಟ್ಟನೆ ಬಿಚ್ಚಿಕೊಳ್ಳುವ ಜಾಗದಲ್ಲಿ ನಿಲ್ಲಿಸಬೇಕು. ಬೂಷ್ಟು ಹಿಡಿದ ಸುರುಳಿಗಳನ್ನು ಹಪ್ಪಳದ ಜೊತೆ ಬಿಸಿಲಿಗಿಡುವ ಪದ್ಧತಿ ನಮ್ಮ ಕಡೆ ಇದೆ. ಬಿಸಿಲಿನಿಂದ ಕವಚ ಸೊಟ್ಟಗಾಗಿ ಟೇಪು ಸುಕ್ಕಾಗುತ್ತದೆಯೇ ಹೊರತು ಬೂಷ್ಟು ಹೋಗುವುದಿಲ್ಲ. ಒಲೆಯಲ್ಲಿ ಬಿಸಿಮಾಡುವ ಚಿಕಿತ್ಸೆಯೊಂದುಂಟೆಂದು ಕೇಳಿ ಪ್ರಯೋಗ ಮಾಡುವವರೂ ತಿಳಿಯಬೇಕು: ಅದು ಲೇಪದ ಅಂಟು ಕೆಟ್ಟು ಜಿಗುಟಾದ ಕೆಲವು ಜಾತಿಯ ದೊಡ್ಡ ಸ್ಪೂಲ್ ಟೇಪುಗಳಿಗೆ, ನಿಯಂತ್ರಿತವಾದ ಅಲ್ಪ ಉಷ್ಣದಲ್ಲಿ ಮಾಡತಕ್ಕದ್ದು, ಸಾಮಾನ್ಯ ಕ್ಯಾಸೆಟ್ಟಿಗೆ ಅಲ್ಲ.

ಶುದ್ಧೀಕರಣವೆಂದರೆ ಸದ್ದನ್ನೆಲ್ಲ ತೆಗೆಯುವುದು ಎಂಬ ಕಲ್ಪನೆಯೇ ಎಲ್ಲಕ್ಕಿಂತ ಹೆಚ್ಚು ನಷ್ಟವನ್ನುಂಟುಮಾಡಿರುವುದೆಂದು ನನ್ನ ಅಭಿಪ್ರಾಯ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಟೇಪಿನ 'ಸುಸ್' ಎಂಬ ಸದ್ದು ಮಾಯವಾಗುತ್ತದೆ, ನಿಜ. ಆದರೆ ಗೆಜ್ಜೆಯ ನಾದ, ತಾಳದ ಅನುರಣನ, ಚೆಂಡೆಯ ಪೆಟ್ಟಿನ ಮೊದಲ ಚೂಪು ಇವೆಲ್ಲವೂ ಇರುವುದು ಅದೇ ಎತ್ತರದ ಕಂಪನಗಳಲ್ಲಿ, ಮತ್ತು ಯಂತ್ರಕ್ಕೆ ಗೆಜ್ಜೆಗೂ ಸುಸ್ಸಿಗೂ ಭೇದ ತಿಳಿಯದು. ಮಲ್ಪೆಯ ಕಡೆಯ ಸುರುಳಿಗಳಲ್ಲಿ ಈ ಸುಸ್ಸನ್ನು ಕಡಲಿನ ಮೊರೆತವೆಂದು ತಿಳಿದು ಆಟ ನಡೆದದ್ದು ಕಡಲತಡಿಯಲ್ಲೇ ಎಂದು ತೀರ್ಮಾನಿಸುವುದೂ ಸಲ್ಲದು. ಕಡಲಿನ ಸದ್ದು ಅಲೆಯಲೆಯಾಗಿ ಏರಿ ಇಳಿಯುತ್ತದೆ, ಟೇಪಿನದು ಆದಿಯಿಂದ ಅಂತ್ಯದವರೆಗೆ ಒಂದೇ ಸಮ.

ಆದ್ದರಿಂದ ಮೊದಲು ಮಾಡಬೇಕಾದುದು, ಏನನ್ನೂ ತಿದ್ದದೆ, ಧ್ವನಿಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘ ಸೂಚಿಸುವಂತೆ 24 ಬಿಟ್ಟಿನ, ಸಾಧ್ಯವಾದರೆ 96 ಕಿಲೋಹರ್ಟ್ಸಿನ, ಸಂಕುಚಿಸದ ಕಡತವಾಗಿ ಇಳಿಸಿಕೊಳ್ಳುವುದು. ತಿದ್ದುವ ಕೆಲಸವೆಲ್ಲ ಅದರ ಪ್ರತಿಯ ಮೇಲೆ. ಧ್ವನಿಯ ಜೊತೆಗೆ ವಿವರಗಳನ್ನೂ ಬರೆದಿಡಬೇಕು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೋ ಮತ್ತು ಸಂಗಡಿಗರು ಗೋಪಾಲ ನಾಯ್ಕರು ಹೇಳಿದ ಸಿರಿಪಾಡ್ದನವೆಂಬ ತುಳು ಮೌಖಿಕ ಕಾವ್ಯವನ್ನು ದಾಖಲಿಸಿದಾಗ ಯಾರು, ಎಲ್ಲಿ, ಯಾವ ದಿನ ಎಂಬುದನ್ನೆಲ್ಲ ಜೊತೆಜೊತೆಗೇ ಬರೆದಿಟ್ಟರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಅಚ್ಚಾದಾಗ ಯಾವ ಸಾಲು ಯಾರದೆಂಬ ಪ್ರಶ್ನೆಯೇ ಹುಟ್ಟಲಿಲ್ಲ. ನಮ್ಮ ಮನೆಯ ಸುರುಳಿಗೆ ಆ ಭಾಗ್ಯವಿಲ್ಲದಿದ್ದರೂ, 'ಲೇಬಲಿನಲ್ಲಿರುವುದು', 'ಧ್ವನಿಯಿಂದ ತಿಳಿದದ್ದು', 'ಮನೆಯವರು ಹೇಳಿದ್ದು' ಎಂದು ಮೂರನ್ನೂ ಬೇರೆಬೇರೆಯಾಗಿ ಬರೆದಿಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕಡತವಾದ ಮೇಲೂ ಮೂಲ ಸುರುಳಿಯನ್ನು ಎಸೆಯದೆ, ಕವಚದ ಹಿಂಬದಿಯ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದು ಇಡಬೇಕು. ಹಾಗೆ ಮಾಡಿದರೆ ಯಾರೇ ಮರೆತು ಗುಂಡಿ ಒತ್ತಿದರೂ ಅದರ ಮೇಲೆ ಇನ್ನೊಂದು ಮುದ್ರಣವಾಗುವುದಿಲ್ಲ.