ನೋಡಿದಷ್ಟೂ ಮಾಸುವ ಬಣ್ಣ

ಜಪಾನಿನ ಕಲೆ ಎಂದೊಡನೆ ಜಗತ್ತಿಗೆ ನೆನಪಾಗುವುದು ಹೊಕುಸಾಯ್ ರಚಿಸಿದ ‘ಮಹಾ ಅಲೆ’. 2024ರಲ್ಲಿ ಜಪಾನ್ ಹೊರತಂದ ಸಾವಿರ ಯೆನ್ ನೋಟಿನ ಹಿಂಬದಿಯಲ್ಲೂ ಅದೇ ಅಲೆ. 1831ರ ಸುಮಾರಿಗೆ ಅಚ್ಚಾದ ಆ ಚಿತ್ರದ ಕಡುನೀಲಿ ಇಂದಿಗೂ ಕಣ್ಸೆಳೆಯುತ್ತದೆ. ಆದರೆ ಆಕಾಶದಲ್ಲಿದ್ದ ನಸುಗೆಂಪು ಮೋಡಗಳು ಅನೇಕ ಪ್ರತಿಗಳಲ್ಲಿ ಮಾಸಿಹೋಗಿವೆ. ಒಂದೇ ಹಾಳೆಯ ಮೇಲೆ ಒಂದು ಬಣ್ಣ ಉಳಿದು ಇನ್ನೊಂದು ಕಾಣೆಯಾದದ್ದು ಹೇಗೆ?

ಉತ್ತರ ವರ್ಣದ್ರವ್ಯಗಳ ಮೂಲದಲ್ಲಿದೆ. 1765ರ ಹೊತ್ತಿಗೆ ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಬಹುವರ್ಣದ ಮರದಚ್ಚಿನ ಮುದ್ರಣ ಬೆಳಕಿಗೆ ಬಂತು. ಜನಸಾಮಾನ್ಯರ ಕೈಗೆಟಕುವ ಬೆಲೆಯ ಆ ಚಿತ್ರಗಳಿಗೆ ಬಳಸಿದ ಬಣ್ಣಗಳಲ್ಲಿ ಹೆಚ್ಚಿನವು ಸಸ್ಯಮೂಲದವು. ಕೆಂಪು ಬರುತ್ತಿದ್ದುದು ಕುಸುಬೆಯ ಹೂವಿನಿಂದ; ಉತ್ತರ ಕರ್ನಾಟಕದ ಹೊಲಗಳಲ್ಲಿ ನಾವು ಎಣ್ಣೆಗಾಗಿ ಬೆಳೆಯುವ ಅದೇ ಕುಸುಬೆ. ನೀಲಿಗೆ ಒಂದು ಪುಟ್ಟ ಕಾಡುಹೂವಿನ ದಳಗಳ ರಸ. ಎರಡನ್ನೂ ಬೆರೆಸಿದರೆ ನೇರಳೆ. ಆ ಹೂವಿನ ನೀಲಿಗೆ ನೀರಿನ ಹನಿ ತಾಕಿದರೂ ಸಾಕು, ಬಣ್ಣ ಕೆಡುತ್ತದೆ. ಬೆಳಕಂತೂ ಎರಡಕ್ಕೂ ಶತ್ರು. ಹಳೆಯ ಚಿತ್ರಗಳಲ್ಲಿ ನಾವಿಂದು ಮೆಚ್ಚುವ ಮಂಕು ಕಂದು, ಹಲವು ವೇಳೆ, ಕಲಾವಿದ ಬಯಸಿದ ಬಣ್ಣವಲ್ಲ. ಸತ್ತ ನೇರಳೆಯ ಗುರುತು.

ಹೊಕುಸಾಯ್ ಬಳಸಿದ ಗಟ್ಟಿ ನೀಲಿ ಬೇರೆಯೇ ಲೋಕದ್ದು. ಹದಿನೆಂಟನೇ ಶತಮಾನದ ಆರಂಭದಲ್ಲಿ, ಬರ್ಲಿನ್ನಿನಲ್ಲಿ ಕೆಂಪು ಬಣ್ಣ ತಯಾರಿಸಲು ಹೊರಟವರಿಗೆ ಆಕಸ್ಮಿಕವಾಗಿ ದೊರೆತದ್ದು ಈ ‘ಪ್ರಷ್ಯನ್ ಬ್ಲೂ’. ಕಬ್ಬಿಣ ಮತ್ತು ಸೈನೈಡ್ ಸೇರಿ ರೂಪುಗೊಳ್ಳುವ ಸಂಯುಕ್ತವಿದು. ಹೊರನಾಡಿಗೆ ಬಾಗಿಲು ಬಹುಪಾಲು ಮುಚ್ಚಿದ್ದ ಜಪಾನಿಗೆ ಅದು ನಾಗಸಾಕಿಯ ಬಂದರಿನ ಮೂಲಕ ಬಂತು. 1820ರ ದಶಕದ ಕೊನೆಗೆ ಬೆಲೆ ಇಳಿಯಿತು. ಜಪಾನೀಯರು ಅದನ್ನು ಬರ್ಲಿನ್ನಿನ ಹೆಸರಿನಿಂದಲೇ ‘ಬೆರೊ’ ಎಂದು ಕರೆದರು. ಜಗತ್ತು ಅಪ್ಪಟ ಜಪಾನಿ ಎಂದು ಒಪ್ಪಿಕೊಂಡ ನೀಲಿಯ ಹುಟ್ಟೂರು ಯುರೋಪು!

ಸಿರಿವಂತರ ಮನೆಯ ಚಿತ್ರಗಳ ಕಥೆ ಭಿನ್ನ. ಒಗಾತಾ ಕೋರಿನ್ ಬಂಗಾರದ ರೇಕಿನ ತೆರೆಗಳ ಮೇಲೆ ಚಿತ್ರಿಸಿದ ಐರಿಸ್ ಹೂಗಳಿಗೆ ಕಲ್ಲೇ ಬಣ್ಣ. ನೀಲಿಗೆ ಅಜುರೈಟ್, ಹಸಿರಿಗೆ ಮ್ಯಾಲಕೈಟ್; ಎರಡೂ ತಾಮ್ರದ ಖನಿಜಗಳು. ಪುಡಿ ತರಿಯಾಗಿದ್ದರೆ ಬಣ್ಣ ಗಾಢ, ನುಣ್ಣಗಾದಷ್ಟೂ ತಿಳಿ. ಇಂತಹ ಪುಡಿಯನ್ನು ಪ್ರಾಣಿಗಳ ಚರ್ಮದಿಂದ ತೆಗೆದ ಅಂಟಿನಲ್ಲಿ ಕಲಸುವುದು ಅಲ್ಲಿನ ಪದ್ಧತಿ. ಮುನ್ನೂರು ವರ್ಷ ಕಳೆದರೂ ಆ ಹೂಗಳು ಬಾಡಿಲ್ಲ. ಕಡಿಮೆ ಬೆಲೆಯ ಕಲೆಯ ಆಯುಸ್ಸೂ ಕಡಿಮೆಯೇ ಆಯಿತು.

ಹಾಗಾದರೆ ಅಳಿದುಳಿದದ್ದನ್ನು ಕಾಪಾಡುವುದು ಹೇಗೆ? ಬೋಸ್ಟನ್ನಿನ ಲಲಿತಕಲಾ ಸಂಗ್ರಹಾಲಯಕ್ಕೆ 1921ರಲ್ಲಿ ಸ್ಪಾಲ್ಡಿಂಗ್ ಸೋದರರು ಆರು ಸಾವಿರಕ್ಕೂ ಹೆಚ್ಚು ಜಪಾನಿ ಮುದ್ರಣಚಿತ್ರಗಳನ್ನು ದಾನವಿತ್ತರು. ಅವರ ಷರತ್ತು ಒಂದೇ: ಇವನ್ನು ಎಂದೂ ಪ್ರದರ್ಶನಕ್ಕೆ ಇಡಬಾರದು. ನೂರು ವರ್ಷಗಳ ಕತ್ತಲೆಯೇ ಆ ಬಣ್ಣಗಳನ್ನು ಉಳಿಸಿದೆ. ಮೂಲದ ನೇರಳೆ ಹೇಗಿತ್ತೆಂಬ ಪ್ರಶ್ನೆಗೆ ಇಂದು ವಿದ್ವಾಂಸರು ಉತ್ತರ ಅರಸುವುದು ಅಂತಹ ಹಾಳೆಗಳಲ್ಲಿ.

ಜನರಿಗಾಗಿ ಅಚ್ಚಾದ ಚಿತ್ರಗಳನ್ನು ಜನರಿಂದಲೇ ಬಚ್ಚಿಡುವುದು ನ್ಯಾಯವೇ ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಬೆಳಕು ಮಾಡಿದ ಹಾನಿಯನ್ನು ಕತ್ತಲೆ ಸರಿಪಡಿಸುವುದಿಲ್ಲ. ಪ್ರತಿ ಪ್ರದರ್ಶನದಲ್ಲೂ ಬಣ್ಣ ಒಂದಿಷ್ಟು ವ್ಯಯವಾಗುತ್ತದೆ. ಅದಕ್ಕಾಗಿಯೇ ಸಂಗ್ರಹಾಲಯಗಳು ಇಂತಹ ಚಿತ್ರಗಳ ಮೇಲೆ ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕನ್ನಷ್ಟೇ ಬಿಡುತ್ತವೆ, ಕೆಲವೇ ವಾರಗಳಲ್ಲಿ ಅವನ್ನು ಮತ್ತೆ ಒಳಗಿಡುತ್ತವೆ. 2016ರಲ್ಲಿ ಟೋಕಿಯೊದಲ್ಲಿ ತೆರೆದ ಸುಮಿದಾ ಹೊಕುಸಾಯ್ ಸಂಗ್ರಹಾಲಯವು ತನ್ನ ಕಾಯಂ ಪ್ರದರ್ಶನಕ್ಕೆ ಪ್ರತಿಕೃತಿಗಳನ್ನು ಆಶ್ರಯಿಸಿದೆ.

ಈ ಮಧ್ಯಮ ಮಾರ್ಗವೇ ಸರಿಯೆನಿಸುತ್ತದೆ. ಪ್ರತಿಕೃತಿ ನಿತ್ಯದ ನೋಟಕ್ಕಿರಲಿ. ಮೂಲಕೃತಿ ಅಪರೂಪಕ್ಕೊಮ್ಮೆ ಹೊರಬರಲಿ. ದೂರದಿಂದ ಬಂದ ಪ್ರವಾಸಿಗೆ ಮಬ್ಬುಗತ್ತಲ ಕೋಣೆಯೋ ಖಾಲಿ ಗೋಡೆಯೋ ಎದುರಾದರೆ ಬೇಸರವಾಗುವುದು ಸಹಜ. ಆದರೆ ನಾಳೆ ಬರುವವರಿಗೂ ಆ ಬಣ್ಣದಲ್ಲಿ ಪಾಲಿದೆ ಎಂಬುದನ್ನು ನೆನೆದರೆ ಆ ಬೇಸರವನ್ನು ಸಹಿಸಿಕೊಳ್ಳಬಹುದು.