ಮಳೆಗಿಂತ ಮೊದಲು ಬರಬೇಕಾದ ಹಣ

2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ ಸುರಿದದ್ದು 944 ಮಿಲಿಮೀಟರ್ ಮಳೆ. ಹಳೆಯ ಮುಂಬೈ ಕನ್ನಡಿಗರಿಗೆ ಆ ರಾತ್ರಿಯ ಬಗ್ಗೆ ಹೇಳಬೇಕಾಗಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ವಿಪತ್ತು ನಿರ್ವಹಣಾ ಕಾಯ್ದೆಯನ್ನು ಅಂಗೀಕರಿಸಿತು. ಭುಜ್ ಭೂಕಂಪ, ಸುನಾಮಿ ಎಲ್ಲವೂ ಅದರ ಹಿಂದಿದ್ದವು. ಕೇಂದ್ರದಲ್ಲಿ ಪ್ರಧಾನಿ, ರಾಜ್ಯದಲ್ಲಿ ಮುಖ್ಯಮಂತ್ರಿ, ಜಿಲ್ಲೆಯಲ್ಲಿ ಕಲೆಕ್ಟರ್ ಮುಖ್ಯಸ್ಥರಾಗಿರುವ ಪ್ರಾಧಿಕಾರಗಳು ಬಂದವು. ರಾಷ್ಟ್ರೀಯ ಯೋಜನೆ ಮಾತ್ರ ಪ್ರಕಟವಾದದ್ದು 2016ರಲ್ಲಿ!

ಈ ಮೂರು ಮೆಟ್ಟಿಲುಗಳಲ್ಲಿ ಕಾಣೆಯಾಗಿದ್ದದ್ದು ನಗರ. ಚರಂಡಿ, ಕೆರೆ, ಕಟ್ಟಡ ಪರವಾನಗಿ ಇವೆಲ್ಲ ಪಾಲಿಕೆಯ ಕೈಯಲ್ಲಿ. ವಿಪತ್ತಿನ ಯೋಜನೆ ಮಾತ್ರ ಕಲೆಕ್ಟರ್ ಕಚೇರಿಯಲ್ಲಿ. 2015ರಲ್ಲಿ ಚೆನ್ನೈ, 2020ರಲ್ಲಿ ಹೈದರಾಬಾದ್ ಮುಳುಗಿದಾಗಲೂ ಹೀಗೆಯೇ ಇತ್ತು. 2025ರ ತಿದ್ದುಪಡಿ ಇದನ್ನು ಸರಿಪಡಿಸಲು ಹೊರಟಿದೆ. ರಾಜ್ಯ ರಾಜಧಾನಿಗಳಿಗೂ ಮಹಾನಗರ ಪಾಲಿಕೆ ಇರುವ ಊರುಗಳಿಗೂ ಪ್ರತ್ಯೇಕ ನಗರ ವಿಪತ್ತು ಪ್ರಾಧಿಕಾರ ರಚಿಸಲು ಅದು ರಾಜ್ಯಗಳಿಗೆ ಅಧಿಕಾರ ಕೊಟ್ಟಿದೆ. ಅಧ್ಯಕ್ಷರು ಪಾಲಿಕೆಯ ಆಯುಕ್ತರು, ಉಪಾಧ್ಯಕ್ಷರು ಕಲೆಕ್ಟರ್. ದೆಹಲಿ ಮತ್ತು ಚಂಡೀಗಢವನ್ನು ಹೊರಗಿಟ್ಟಿದ್ದಾರೆ, ದೆಹಲಿ ಓದುಗರು ಗಮನಿಸಲಿ. ಒಳ್ಳೆಯ ಹೆಜ್ಜೆಯೇ. ಆದರೆ ಕಸದಿಂದ ಹಿಡಿದು ಆಸ್ತಿ ತೆರಿಗೆಯವರೆಗೆ ನೂರು ಕೆಲಸ ಹೊತ್ತ ಆಯುಕ್ತರಿಗೆ ಇದು ನೂರಾ ಒಂದನೆಯದು.

ನಿಜವಾದ ಪ್ರಶ್ನೆ ದುಡ್ಡಿನದು. 15ನೆಯ ಹಣಕಾಸು ಆಯೋಗ 2021ರಿಂದ 2026ರವರೆಗೆ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ. 80ನ್ನು ಪರಿಹಾರ, ಪುನರ್ನಿರ್ಮಾಣ, ಸನ್ನದ್ಧತೆಗೆ ಕೊಟ್ಟು, ಅಪಾಯ ತಗ್ಗಿಸುವ ಕೆಲಸಕ್ಕೆ ಶೇ. 20ನ್ನು ಮೀಸಲಿಟ್ಟಿತು. ಅಷ್ಟಾದರೂ ಪ್ರತ್ಯೇಕ ಖಾತೆ ಸಿಕ್ಕಿದ್ದು ಅದೇ ಮೊದಲು. ನಗರ ಪ್ರವಾಹ ತಡೆಗೆಂದು ಮುಂಬೈ, ಚೆನ್ನೈ, ಕೋಲ್ಕತ್ತಗಳಿಗೆ ತಲಾ 500 ಕೋಟಿ, ಬೆಂಗಳೂರು, ಹೈದರಾಬಾದ್, ಪುಣೆ, ಅಹಮದಾಬಾದ್‌ಗಳಿಗೆ ತಲಾ 250 ಕೋಟಿ ರೂಪಾಯಿಯನ್ನೂ ಶಿಫಾರಸು ಮಾಡಿತು. ನಗರಗಳ ಗಾತ್ರಕ್ಕೆ ಇದು ಅರೆಕಾಸಿನ ಮಜ್ಜಿಗೆ.

ಮೊದಲೇ ಸಿದ್ಧರಾದರೆ ಏನಾಗುತ್ತದೆಂದು ಒಡಿಶಾ ತೋರಿಸಿದೆ. 1999ರ ಮಹಾಚಂಡಮಾರುತಕ್ಕೆ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಬಳಿಕ ರಾಜ್ಯ ತನ್ನದೇ ಪ್ರಾಧಿಕಾರ ಕಟ್ಟಿತು, ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳನ್ನು ಎಬ್ಬಿಸಿತು, ಹಳ್ಳಿಯ ಯುವಕರಿಗೆ ತರಬೇತಿ ಕೊಟ್ಟಿತು. 2019ರಲ್ಲಿ ಫಾನಿ ಬಂದಾಗ ಸುಮಾರು 12 ಲಕ್ಷ ಜನರನ್ನು ಸ್ಥಳಾಂತರಿಸಿತು. ಸತ್ತವರ ಸಂಖ್ಯೆ ನೂರನ್ನು ದಾಟಲಿಲ್ಲ.

ಅಲ್ಲಿ ಎಚ್ಚರಿಕೆ ಬಂದದ್ದು ಮನೆಬಾಗಿಲಿಗೆ, ಗುರುತಿನ ಹುಡುಗನ ಬಾಯಿಂದ, ಮನೆಮಾತಿನಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಊರಿನಿಂದ ಬಂದು ಕೂತ ಅಜ್ಜಿಗೆ ಫೋನು ಕಿರುಚಿ ತಮಿಳಲ್ಲೋ ಮರಾಠಿಯಲ್ಲೋ ಸಂದೇಶ ತೋರಿಸಿದರೆ, ಓದಿ ಹೇಳುವವರು ಯಾರು? ಕಾಯ್ದೆಯ ಪ್ರಕಾರ ಜಿಲ್ಲಾ ಯೋಜನೆಯನ್ನು ಪ್ರತಿವರ್ಷ ಪರಿಷ್ಕರಿಸಬೇಕು. ನಮ್ಮ ಸಂಘಗಳು ಮುಂದಿನ ಮಳೆಗಾಲದ ಮೊದಲೇ ಪಾಲಿಕೆಗೂ ಕಲೆಕ್ಟರರಿಗೂ ಒಂದು ಪತ್ರ ಬರೆದು ಈ ಪ್ರಶ್ನೆ ಕೇಳಬಹುದು.